ಒಂಟೆ ಸೊರೆ ಬಿಡುವ ಹೊತ್ತು

ನಮ್ಮ ಸೈಟ್ ಆಫೀಸಿನ ಬಾಗಿಲ ಪಕ್ಕ ಒಂದು ಪೋಸ್ಟರ್ ಅಂಟಿಸಿದ್ದಾರೆ. ಒಂಟೆಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಕೆಳಗೆ ಅರಬಿ, ಇಂಗ್ಲಿಷ್, ಉರ್ದು ಮೂರರಲ್ಲೂ ಒಂದೇ ಮಾತು: ಒಂಟೆ ಮುಟ್ಟಿದರೆ ಕೈ ತೊಳೆಯಿರಿ, ಹಸಿ ಹಾಲು ಕುಡಿಯಬೇಡಿ. ಮರ್ಸ್ ಅನ್ನುವ ಕಾಯಿಲೆ ಮೊದಲು ಪತ್ತೆಯಾದದ್ದು 2012ರಲ್ಲಿ, ಇದೇ ಸೌದಿಯಲ್ಲಿ. ಅದು ಒಂಟೆಯಿಂದ ಮನುಷ್ಯರಿಗೆ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ನಾಲ್ಕು ವರ್ಷದಿಂದ ದಿನಾ ಆ ಪೋಸ್ಟರ್ ದಾಟಿಕೊಂಡೇ ಒಳಗೆ ಹೋಗುತ್ತೇನೆ. 2025ರ ಜನವರಿಯ ಒಂದು ಶುಕ್ರವಾರ ಸಂಜೆ, ಕೆಂಪು ಮರಳಿನ ಮೇಲೆ ನಿಂತು, ಸ್ಟೀಲ್ ಬೋಗುಣಿಯ ತುಂಬ ನೊರೆ ಹಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಾಗ ಮೊದಲು ನೆನಪಾದದ್ದು ಆ ಕೆಂಪು ಗೀಟು.

ಅಲ್ಲಿಗೆ ಹೋಗಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

ರಿಯಾದಿನಿಂದ ಈಶಾನ್ಯಕ್ಕೆ, ರುಮಾಹ್ ಕಡೆ ಹೋಗುವ ದಾರಿಯಲ್ಲಿ ನಮ್ಮ ಸಬ್‌ಸ್ಟೇಷನ್ ಕೆಲಸ. ಕ್ಯಾಂಪು, ಸೈಟು, ಮೆಸ್ಸು, ಮತ್ತೆ ಕ್ಯಾಂಪು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನಿದೆ. ಆ ಮೂರು ಗಂಟೆ ಪೋರ್ಟಾಕ್ಯಾಬಿನ್ನಿನ ಕಿಟಕಿಯಲ್ಲಿ ಇಣುಕಿದರೆ ಹೊರಗೆ ಓಡಾಡುವ ಜೀವ ಅಂದರೆ ಒಂಟೆ ಮಾತ್ರ. ಬಿಸಿಗಾಳಿಯಲ್ಲಿ ಕಾಲು ಕರಗಿಹೋಗಿ ಬರೀ ಮೈ ತೇಲಿಕೊಂಡು ಹೋದ ಹಾಗೆ ಕಾಣುತ್ತದೆ. ನಾಲ್ಕು ವರ್ಷ ನಾನು ಒಂಟೆ ನೋಡಿದ್ದು ಹೀಗೆ ಕಿಟಕಿಯಿಂದ, ಇಲ್ಲಾಂದ್ರೆ ಕಾರಿನ ಹೆಡ್‌ಲೈಟಿನಲ್ಲಿ.

ಹೆಡ್‌ಲೈಟಿನ ಕತೆಯೂ ಇದೆ. ನಮ್ಮ ಡ್ರೈವರ್ ಉಳ್ಳಾಲದವರು, ಹದಿನೆಂಟು ವರ್ಷದಿಂದ ಇಲ್ಲಿದ್ದಾರೆ. ನವೆಂಬರಿನ ಒಂದು ರಾತ್ರಿ ರಿಯಾದಿನಿಂದ ವಾಪಸ್ ಬರುವಾಗ ಮಾತಾಡುತ್ತಾ ಇದ್ದವರು ಇದ್ದಕ್ಕಿದ್ದ ಹಾಗೆ ಬ್ರೇಕ್ ಒತ್ತಿದರು. ಎದುರಿಗೆ ನಾಲ್ಕು ಉದ್ದ ಕೋಲು. ಅಷ್ಟೇ ಕಂಡಿದ್ದು. ಮೈ ಎಲ್ಲೋ ಮೇಲೆ, ಬೆಳಕು ಮುಟ್ಟದ ಕತ್ತಲಲ್ಲಿ. ಒಂದು ಮಾರು ದೂರದಲ್ಲಿ ಗಾಡಿ ನಿಂತಿತು. ಒಂಟೆ ತಲೆ ತಗ್ಗಿಸಿ ನಮ್ಮನ್ನು ಒಮ್ಮೆ ನೋಡಿ, ಅವಸರವಿಲ್ಲದೆ ಆಚೆ ಹೋಯಿತು. "ಇದರ ಕಾಲಿಗೆ ಬಡಿದ್ರೆ ಐನೂರು ಕಿಲೋ ಸೀದಾ ಗ್ಲಾಸಿನ ಮೇಲೆ ಬೀಳ್ತದೆ ಭಟ್ರೇ. ನಾವು ಚಟ್ನಿ," ಅಂದರು ಭಾಯ್. ಅವರ ಕೈ ನಡುಗುತ್ತಿತ್ತು. ನನ್ನದೂ.

ಮರುದಿನ ಇದನ್ನು ನಮ್ಮ ಸೌದಿ ಸೂಪರ್‌ವೈಸರಿಗೆ ಹೇಳಿದೆ. ಇಪ್ಪತ್ತೆಂಟರ ಹುಡುಗ. ಆಫೀಸಿನಲ್ಲಿ ಪರ್ಮಿಟ್ಟು, ಎಕ್ಸೆಲ್ ಶೀಟು ಬಿಟ್ಟು ಬೇರೆ ಮಾತಿಲ್ಲ. ಅವನು ನನ್ನ ಕತೆ ಪೂರ್ತಿ ಕೇಳಿ, "ಒಂಟೆಗೆ ಏನಾದರೂ ಆಯಿತಾ?" ಅಂದ. ಆಮೇಲೆ ತಾನೇ ನಕ್ಕು, "ಚಳಿ ಬರಲಿ, ನಮ್ಮ ಹಲಾಲ್ ನೋಡಲು ಕರೆದುಕೊಂಡು ಹೋಗುತ್ತೇನೆ" ಅಂದ. ಹಲಾಲ್ ಅಂದ ತಕ್ಷಣ ನನಗೆ ಹೊಳೆದದ್ದು ಮಾಂಸದಂಗಡಿ. ನಾನು ಪುಳಿಚಾರು ಮಾತ್ರ, ನೋಡಿ ಏನು ಮಾಡಲಿ ಅಂತ ಮನಸ್ಸಲ್ಲೇ ಅಂದುಕೊಂಡೆ. ಭಾಯ್ ಬಿಡಿಸಿ ಹೇಳಿದರು. ಈ ಕಡೆಯವರು ತಮ್ಮ ಒಂಟೆ, ಕುರಿ, ಆಡುಗಳನ್ನೆಲ್ಲ ಹಲಾಲ್ ಅನ್ನುತ್ತಾರಂತೆ. ತಾನು ನ್ಯಾಯವಾಗಿ ಸಂಪಾದಿಸಿದ್ದು ಅಂತ. ನಾವು ಧನ ಅನ್ನುವುದನ್ನೇ ಸ್ವಲ್ಪ ತಿರುಗಿಸಿ ದನ ಅಂತೀವಲ್ಲ, ಹಾಗೆ.

ಆ ಶುಕ್ರವಾರ ಜುಮಾ ನಮಾಜು ಮುಗಿಸಿ ಸೂಪರ್‌ವೈಸರ್ ತಾನೇ ಬಂದ. ಡಾಂಬರು ರಸ್ತೆ ಬಿಟ್ಟ ಮೇಲೆ ಇಳಿದು ನಾಲ್ಕೂ ಟೈರಿನ ಗಾಳಿ ಅರ್ಧಕ್ಕರ್ಧ ತೆಗೆದ. ಮರಳಲ್ಲಿ ಹೂತುಹೋಗದ ಹಾಗೆ ಇದು ಉಪಾಯ. ಒಂಟೆಯ ಪಾದವೂ ಇದೇ ಲೆಕ್ಕ, ಮೆತ್ತನೆಯ ಅಗಲ ಪಾದ, ಊರಿದಾಗ ಇನ್ನೂ ಹರಡಿಕೊಳ್ಳುತ್ತದೆ ಅಂತ ತೋರಿಸಿದ. ಮುಂದೆ ದಹ್ನಾ ಮರಳು. ಉತ್ತರದ ನಫೂದ್ ಮರುಭೂಮಿಯಿಂದ ದಕ್ಷಿಣದ ರುಬ್ ಅಲ್ ಖಾಲಿಯ ತನಕ ಸಾವಿರ ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಬೆಲ್ಟಿನ ಹಾಗೆ ಬಿದ್ದುಕೊಂಡಿರುವ ಮರಳು. ಬಣ್ಣ ನಮ್ಮ ಶಿರಸಿ ಕಡೆಯ ಜಂಬಿಟ್ಟಿಗೆಯದೇ. ಅಲ್ಲೂ ಕಬ್ಬಿಣದ ತುಕ್ಕು, ಇಲ್ಲೂ ಕಬ್ಬಿಣದ ತುಕ್ಕು. ಇಲ್ಲಿ ಮಾತ್ರ ಮಳೆ ಇಲ್ಲ.

ಒಂಟೆ ಸಾಕುವ ಬಿಡಾರಕ್ಕೆ ಇಲ್ಲಿ ಇಜ್ಬಾ ಅನ್ನುತ್ತಾರೆ. ನಾನು ಏನೋ ದೊಡ್ಡ ಫಾರ್ಮ್ ಅಂದುಕೊಂಡಿದ್ದೆ. ಒಂದು ಡೇರೆ, ತಂತಿಬೇಲಿಯ ಎರಡು ದೊಡ್ಡ ದೊಡ್ಡಿ, ನೀರಿನ ಟ್ಯಾಂಕರು, ಬರ್ಸೀಮ್ ಹುಲ್ಲಿನ ಕಟ್ಟುಗಳ ರಾಶಿ, ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮುಗಿಯಿತು. ಟ್ಯಾಂಕರಿಗೆ ಇಲ್ಲಿ ವಾಯಿತ್ ಅಂತಾರೆ. ಹಿಂದೆ ವೈಟ್ ಕಂಪನಿಯ ಅಮೆರಿಕನ್ ಲಾರಿಗಳು ನೀರು ಹೊರುತ್ತಿದ್ದವಂತೆ. ಲಾರಿ ಹೋಯಿತು, ಹೆಸರು ಉಳಿಯಿತು. ಒಂಟೆಗಳು ಎಪ್ಪತ್ತರ ಮೇಲೆ. ಹೆಚ್ಚಿನವು ಕಪ್ಪು. ಮಜಾಹೀಮ್ ಅಂತ ಕರೆಯುವ ಜಾತಿ, ಹಾಲಿಗೆ ಹೆಸರಾದದ್ದು. ಕಪ್ಪು ಒಂಟೆ ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅ ಅಗಸ, ಆ ಆನೆ ಓದುವಾಗ "ಒ ಒಂಟೆ" ಅಂತ ಕಲಿತ ಒಂಟೆ ಕಂದು ಬಣ್ಣದ್ದು, ಹಿಂದೆ ಒಂದು ಖರ್ಜೂರದ ಮರ. ಒಂಟೆ ಕಾಣದ ಊರಿನಲ್ಲಿ ಕೂತು ಮೂವತ್ತು ಮಕ್ಕಳು ಒಟ್ಟಿಗೆ ಕೂಗಿ ಕಲಿತ ಪ್ರಾಣಿ. ಡುಬ್ಬದಲ್ಲಿ ನೀರು ಇರುತ್ತದೆ ಅಂತಲೂ ಅದೇ ಶಾಲೆಯಲ್ಲಿ ಕಲಿತೆವು. ಇರುವುದು ಕೊಬ್ಬು.

ನೀರು ಉಳಿಸುವ ಉಪಾಯ ಬೇರೆಯೇ. ನಮಗೆ ಮೈಬಿಸಿ ಎರಡು ಡಿಗ್ರಿ ಏರಿದರೆ ಹಾಸಿಗೆ ಹಿಡಿಯುತ್ತೇವೆ. ಬಾಯಾರಿದ ಒಂಟೆಯ ಮೈ ಬೆಳಗಿನ ಚಳಿಗೆ 34 ಡಿಗ್ರಿಗೆ ಇಳಿದು ಸಂಜೆಗೆ 40 ದಾಟಿದರೂ ಅದಕ್ಕೆ ಏನೂ ಅಲ್ಲ. ಬಿಸಿ ಏರಲು ಬಿಟ್ಟು, ಬೆವರು ಉಳಿಸಿಕೊಳ್ಳುತ್ತದೆ. ಆಮೇಲೆ ನೀರು ಸಿಕ್ಕಿದಾಗ ಕಾಲು ಗಂಟೆಯೊಳಗೆ ನೂರು ಲೀಟರ್ ಎಳೆಯುತ್ತದೆ. ಉಚ್ಚೆ ಗಟ್ಟಿ ಪಾಕದ ಹಾಗೆ, ಹಿಕ್ಕೆ ಬಿದ್ದಾಗಲೇ ಒಣಗಿದ ಹಾಗೆ. ಡೇರೆಯ ಮುಂದೆ ಚಹಾಕ್ಕೆ ಬೆಂಕಿ ಹಾಕಿದ್ದು ಆ ಹಿಕ್ಕೆಯಿಂದಲೇ. ಬೆರಣಿ ತಟ್ಟಿ, ವಾರಗಟ್ಟಲೆ ಒಣಗಿಸುವ ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಇದನ್ನು ತೋರಿಸಬೇಕಿತ್ತು ಅನ್ನಿಸಿತು.

ಬೆಂಕಿ ಹಾಕಿದವನು ಒಂಟೆ ಕಾಯುವವನು. ಸೂಡಾನಿ. ಸೂಡಾನಿಗಳ ಮಾತಿನಲ್ಲಿ ಝೋಲ್ ಅಂದರೆ ಮನುಷ್ಯ. ಅದಕ್ಕೇ ಇಲ್ಲಿ ಸೂಡಾನಿಗಳನ್ನೆಲ್ಲ "ಯಾ ಝೋಲ್" ಅಂತ ಕರೆಯುವ ರೂಢಿ. ನಾನೂ ಹಾಗೇ ಕರೆದೆ. ಎತ್ತರದ ಆಳು, ಐವತ್ತರ ಆಚೀಚೆ, ಬಿಳಿ ಜಲಾಬಿಯಾದ ಮೇಲೆ ಯಾರೋ ಕೊಟ್ಟ ಹಳೆಯ ಸೂಟಿನ ಕೋಟು. "ಹಬಾಬಕ್" ಅಂತ ಕೈ ಕುಲುಕಿ, ನನ್ನ ಕೈ ಬಿಡದೆಯೇ ಕರೆದುಕೊಂಡು ಹೋಗಿ ಕಂಬಳಿಯ ಮೇಲೆ ಕೂರಿಸಿದ. ಅವನು ಕೊಟ್ಟ ಚಹಾದಲ್ಲಿ ಅರ್ಧ ಲೋಟ ಸಕ್ಕರೆಯೇ.

ಸೂಪರ್‌ವೈಸರ್ ಅಷ್ಟರಲ್ಲಿ ಬೇರೆಯೇ ಮನುಷ್ಯನಾಗಿದ್ದ. ಆಫೀಸಿನ ಪ್ಯಾಂಟು ಶರ್ಟಿನ ಹುಡುಗ ಥೋಬ್ ಹಾಕಿ, ಬರಿಗಾಲಲ್ಲಿ ಒಂಟೆಗಳ ನಡುವೆ ನುಗ್ಗಿ, ಒಂದೊಂದರ ಹೆಸರು, ತಾಯಿಯ ಹೆಸರು, ಅಜ್ಜಿಯ ಹೆಸರು ಹೇಳಿಕೊಂಡು ಹೋದ. ತುಟಿ ಇಳಿಬಿದ್ದಿರಬೇಕು, ಕತ್ತು ಉದ್ದ ಇರಬೇಕು, ಡುಬ್ಬ ಹಿಂದಕ್ಕೆ ಸರಿದಿರಬೇಕು. ಇದೆಲ್ಲ ಸೌಂದರ್ಯದ ಲಕ್ಷಣ. ಅಲ್ಲೇ ಹತ್ತಿರ ಸಯಾಹಿದ್‌ನಲ್ಲಿ ಚಳಿಗಾಲದಲ್ಲಿ ಕಿಂಗ್ ಅಬ್ದುಲ್ ಅಜೀಜ್ ಒಂಟೆ ಉತ್ಸವ ನಡೆಯುತ್ತದೆ. ಬಹುಮಾನ ಕೋಟಿಗಟ್ಟಲೆ. 2018ರಲ್ಲಿ ಒಂಟೆಯ ತುಟಿಗೆ ಬೊಟಾಕ್ಸ್ ಚುಚ್ಚಿಸಿದ್ದಕ್ಕೆ 12 ಒಂಟೆಗಳನ್ನು ಸ್ಪರ್ಧೆಯಿಂದ ಹೊರಗೆ ಹಾಕಿದರು. 2021ರಲ್ಲಿ ಇಂಥ ಮೋಸಕ್ಕೆ ಹೊರಗೆ ಹೋದವು 40ಕ್ಕೂ ಜಾಸ್ತಿ. ಇದನ್ನು ಕೇಳಿದರೆ ಹುಡುಗ ನಾಚಿಕೊಂಡು, "ನಮ್ಮವು ಹಾಲಿನ ಒಂಟೆ" ಅಂದ. ಆದರೂ ಒಂದು ಬಿಳಿ ಹೆಣ್ಣೊಂಟೆಯ ಕತ್ತು ಸವರುತ್ತಾ ಮೆಲ್ಲಗೆ ಹೇಳಿದ: ಇದಕ್ಕೆ ಹೋದ ವರ್ಷ ಎರಡು ಲಕ್ಷ ರಿಯಾಲ್ ಕೇಳಿದರು, ಅಪ್ಪ ಕೊಡಲಿಲ್ಲ. ಭಾಯ್ ಮನಸ್ಸಲ್ಲೇ ರೂಪಾಯಿಗೆ ಲೆಕ್ಕ ಹಾಕಿ ನನ್ನ ಕಡೆ ನೋಡಿದರು. ನಲವತ್ತು ಲಕ್ಷದ ಮೇಲೆ. ಅದಕ್ಕೆ ಮೇವು ಹಾಕುವವನ ಸಂಬಳದ ಲೆಕ್ಕವೂ ಇಬ್ಬರಿಗೂ ಗೊತ್ತಿತ್ತು, ಆಡಲಿಲ್ಲ.

ಒಂದು ಗಂಡೊಂಟೆಯ ಮುಂಗಾಲು ಮಡಚಿ ಹಗ್ಗದಿಂದ ಕಟ್ಟಿದ್ದರು. ಮೂರು ಕಾಲಲ್ಲಿ ಕುಂಟಿಕೊಂಡು ಸುಮ್ನೆ ನಿಂತಿತ್ತು. ಆ ಹಗ್ಗಕ್ಕೆ ಇಕಾಲ್ ಅನ್ನುತ್ತಾರೆ. ಅರಬರು ತಲೆವಸ್ತ್ರದ ಮೇಲೆ ಹಾಕುವ ಕರಿ ಬಳೆಯಂಥದ್ದೂ ಇಕಾಲೇ. ಮರುಭೂಮಿಯವನು ಒಂಟೆಯ ಹಗ್ಗ ಬಿಚ್ಚಿದ ಮೇಲೆ ತಲೆಗೆ ಸುತ್ತಿಕೊಳ್ಳುತ್ತಿದ್ದನಂತೆ. ಅದೇ ಮೂಲದಿಂದ ಬಂದ ಇನ್ನೊಂದು ಪದ ಅಕ್ಲ್, ಬುದ್ಧಿ. ಮನುಷ್ಯನನ್ನು ಕಟ್ಟಿಹಾಕುವುದು ಅಂತ. ಹುಬ್ಬಳ್ಳಿಯ ನನ್ನ ರೂಂಮೇಟ್ ಯಾರಿಗಾದರೂ "ಅಕಲ್ ಐತೇನ ನಿನಗ?" ಅಂತ ಬೈಯುವಾಗ ಈ ಒಂಟೆಯ ಹಗ್ಗ ಅದರಲ್ಲಿ ಇದೆ ಅಂತ ಅವನಿಗೇನು ಗೊತ್ತು?

ಬಿಸಿಲು ಇಳಿಯಿತು. ಹಾಲು ಕರೆಯುವ ಹೊತ್ತು.

ನಾನು ಹುಟ್ಟಿ ಬೆಳೆದದ್ದು ಕೊಟ್ಟಿಗೆ ಇರುವ ಮನೆಯಲ್ಲಿ. ಮಲೆನಾಡು ಗಿಡ್ಡ ಹಸುಗಳು. ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ದೊಡ್ಡದು. ಆಯಿ ಕರುವನ್ನು ಬಿಟ್ಟು, ಅದು ನಾಲ್ಕು ಗುಟುಕು ಎಳೆದು, ಹಸು ಸೊರೆ ಬಿಟ್ಟ ಮೇಲೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸಿದ ಮೇಲೆ, ಕರುವನ್ನು ಎಳೆದು ಪಕ್ಕಕ್ಕೆ ಕಟ್ಟುತ್ತಿದ್ದಳು. ಕರು ಎಳೆಯುವ ಕೆಲಸ ನನ್ನದು. ಹಾಗಾಗಿ ಝೋಲ್ ಬೇಲಿಯ ಬಾಗಿಲು ತೆಗೆದು ಒಂದೇ ಒಂದು ಮರಿಯನ್ನು ಒಳಗೆ ಬಿಟ್ಟಾಗ ಮುಂದೆ ಏನು ಅಂತ ನನಗೆ ಗೊತ್ತಿತ್ತು. ಮರಿ ಅಂದರೆ ಆಗಲೇ ನನ್ನ ಭುಜದೆತ್ತರ. ಹುವಾರ್ ಅನ್ನುತ್ತಾರೆ. ಹದಿಮೂರು ತಿಂಗಳು ಹೊತ್ತು ಹೆತ್ತ ಮರಿ ಅದು. ತಾಯಿಯ ಕೆಚ್ಚಲಿಗೆ ಕಟ್ಟಿದ್ದ ಬಲೆಯ ಚೀಲ ಬಿಚ್ಚಿದ ಕೂಡಲೇ ಹೋಗಿ ಮೂತಿಯಿಂದ ಗುದ್ದಿತು. ಝೋಲ್ ಒಂಟಿ ಕಾಲಲ್ಲಿ ನಿಂತ. ಇನ್ನೊಂದು ಪಾದವನ್ನು ನಿಂತ ಕಾಲಿನ ಮಂಡಿಗೆ ಒತ್ತಿಕೊಂಡು, ಆ ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡ. ಒಂಟೆಯ ಕೆಚ್ಚಲು ಅಷ್ಟು ಎತ್ತರ, ಕೂತು ಕರೆಯುವ ಹಾಗಿಲ್ಲ. ಮರಿ ಆ ಕಡೆ ಎರಡು ಮೊಲೆಯಲ್ಲಿ, ಅವನು ಈ ಕಡೆ ಎರಡರಲ್ಲಿ. ಸೊರೆ ಬಿಡುವುದು ಒಂದೆರಡು ನಿಮಿಷ ಮಾತ್ರ. ಅಷ್ಟರಲ್ಲಿ ಸಿಕ್ಕಿದಷ್ಟು. ಚರ್ ಚರ್ ಅಂತ ಎರಡು ಧಾರೆ, ನೊರೆ ಮೇಲೆ ಮೇಲೆ ಬಂತು. ಒಂಟೆ ಮೆಲುಕು ಹಾಕುತ್ತಾ ಎಲ್ಲೋ ನೋಡುತ್ತಿತ್ತು. ಅವನು ಪೂರ್ತಿ ಹೊತ್ತೂ ಏನೋ ಗುನುಗುತ್ತಿದ್ದ.

ಒಂಟೆಯನ್ನು ಕರೆಯಲು, ಸಮಾಧಾನ ಮಾಡಲು ಈ ಕಡೆ ಹಾಡಿನಂಥ ಕೂಗು ಇದೆ. ಹಿದಾ ಅನ್ನುತ್ತಾರೆ. 2022ರಲ್ಲಿ ಯುನೆಸ್ಕೋ ಸೌದಿ, ಒಮಾನ್, ಯುಎಇ ಮೂರೂ ದೇಶದ ಹೆಸರಿನಲ್ಲಿ ಅದನ್ನು ಪಟ್ಟಿಗೆ ಸೇರಿಸಿತು. ಝೋಲ್ ಹೇಳುತ್ತಿದ್ದುದು ಅದಲ್ಲ. ಸೂಡಾನಿನ ಕೊರ್ದೊಫಾನ್ ಸೀಮೆಯ ಅವನ ಮನೆಯ ಒಂಟೆಗಳಿಗೆ ಹೇಳುತ್ತಿದ್ದುದನ್ನೇ ಇವಕ್ಕೂ ಹೇಳುತ್ತಾನೆ. "ಮೊದಲು ಇವಕ್ಕೆ ಅರ್ಥ ಆಗ್ತಿರಲಿಲ್ಲ, ಈಗ ಸೂಡಾನಿ ಕಲಿತಿವೆ," ಅಂದ. ಸೂಪರ್‌ವೈಸರ್ ಕರೆದರೆ ತಿರುಗಿಯೂ ನೋಡದ ಒಂಟೆಗಳು ಇವನು ಬಾಯಿ ತೆಗೆದರೆ ಸಾಕು, ಕಿವಿ ತಿರುಗಿಸುತ್ತವೆ. ಹುಡುಗನಿಗೆ ಇದು ಗೊತ್ತು. ಬೇಜಾರಿದ್ದ ಹಾಗೆ ಕಾಣಲಿಲ್ಲ, ಸ್ವಲ್ಪ ಇರಲೂಬಹುದು.

ಬೋಗುಣಿ ಮೊದಲು ಅತಿಥಿಗೆ. ಅಂದರೆ ನನಗೆ. ಇಲ್ಲಿಗೆ ಬಂತು ನೋಡಿ ಪೋಸ್ಟರು.

"ಕುಡೀರಿ ಮಾರಾಯ್ರೆ. ಬೇಡ ಹೇಳಿದ್ರೆ ಅವರಿಗೆ ಬೇಜಾರಾಗ್ತದೆ," ಅಂದರು ಭಾಯ್, ತಾವು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು. ಕಾಯಿಸಿ ಕೊಡಿ ಅನ್ನಬಹುದಿತ್ತು. ಅನ್ನಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವುದೂ ಅದನ್ನೇ. ಆದರೆ ಬೋಗುಣಿಯ ಆಚೆ ಬದಿಯಲ್ಲಿ ಝೋಲ್ ನಿಂತಿದ್ದ, ನಮ್ಮ ಮನೆಗೆ ಬಂದವರಿಗೆ ಆಯಿ ಮಜ್ಜಿಗೆ ಕೊಟ್ಟು ಲೋಟ ಖಾಲಿಯಾಗುವ ತನಕ ನಿಲ್ಲುವ ಹಾಗೆ. ಕುಡಿದೆ. ನೀವು ಕುಡಿಯಬೇಡಿ. ಬಿಸಿ ಇತ್ತು, ಮೈಬಿಸಿ. ತೆಳು. ಮೊದಲು ಸಿಹಿ, ಗಂಟಲಲ್ಲಿ ಸಣ್ಣಗೆ ಉಪ್ಪು. ಮೇಲ್ತುಟಿಗೆ ಮೆತ್ತಿದ ನೊರೆ ಮೀಸೆಯ ಹಾಗೆ ಉಳಿಯಿತು, ಎಲ್ಲರೂ ನಕ್ಕರು. ಮಾರನೇ ದಿನ ಮಧ್ಯಾಹ್ನದ ತನಕ ನಾನು ಎಲ್ಲಿದ್ದೆ ಅಂತ ಇಲ್ಲಿ ಬರೆಯುವುದು ಬೇಡ.

ನನ್ನ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದುದು ಬೇಲಿಯ ಮೂಲೆಯಲ್ಲಿ ಒಂದೇ ನಿಂತಿದ್ದ ಕಪ್ಪು ಒಂಟೆಯ ಕಡೆಗೆ. ಉಳಿದವೆಲ್ಲ ಮೇವಿನ ಹತ್ತಿರ. ಇದು ಮಾತ್ರ ಪೂರ್ವಕ್ಕೆ ಮುಖ ಹಾಕಿಕೊಂಡು ನಿಂತಿತ್ತು. ಆಗಾಗ ಒಂದು ಶಬ್ದ ಮಾಡುತ್ತಿತ್ತು. ಒಂಟೆಯ ಗೊರಗೊರ ಅಲ್ಲ. ಹೊಟ್ಟೆಯ ಒಳಗಿಂದ ಬರುವ, ಎಳೆದ, ಕೊನೆಗೆ ಒಡೆದುಹೋಗುವ ಧ್ವನಿ.

"ಖಲೂಜ್," ಅಂದ ಸೂಪರ್‌ವೈಸರ್. ಮರಿ ಸತ್ತ ಒಂಟೆಗೆ ಆ ಹೆಸರು. ಹತ್ತು ದಿನವಾಗಿತ್ತಂತೆ. ಅವನ ಅಜ್ಜಿಯ ಬಾಯಲ್ಲಿ ಈ ಪದ ಬಂದರೆ ಅದು ಒಂಟೆಯ ಮಾತೇ ಆಗಿರಬೇಕಿಲ್ಲ, ಗಂಡನನ್ನೋ ಮಗನನ್ನೋ ಕಳೆದುಕೊಂಡವರ ಮಾತೂ ಆಗಿರುತ್ತಿತ್ತು. ನಜ್ದ್ ಸೀಮೆಯ ಕವಿಗಳೂ ಅಳು ಬಂದಾಗ ಖಲೂಜ್ ಹಾಗೆ ಕೂಗಿದೆ ಅಂತಲೇ ಹೇಳುವುದು. ನಾನು ಯೋಚಿಸಿದೆ, ಕನ್ನಡದಲ್ಲಿ ಗಂಡ ಸತ್ತವಳಿಗೆ ಒಂದಕ್ಕೆ ನಾಲ್ಕು ಪದ ಇವೆ, ಬೈಗುಳವೂ ಸೇರಿ. ಕರು ಸತ್ತ ಹಸುವಿಗೆ ಒಂದು ಪದ ಇದೆಯಾ? ನನ್ನ ಬಾಯಿಗಂತೂ ಬರಲಿಲ್ಲ.

ಮರಿ ಇಲ್ಲದೆ ಸೊರೆ ಬಿಡುವುದಿಲ್ಲ, ಹಾಲು ಬತ್ತಿಹೋಗುತ್ತದೆ. ಹಿಂದಿನವರು ಸತ್ತ ಮರಿಯ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಹಳೆಯ ಅರಬಿಯಲ್ಲಿ ಅದಕ್ಕೆ ಬವ್ ಅನ್ನುವ ಪದವಿದೆ. ಭಾಯ್ ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ಹಾಗೇ ನನಗೆ ಮೂವತ್ತು ವರ್ಷದ ಹಿಂದಿನ ಪಕ್ಕದ ಮನೆಯ ಕೊಟ್ಟಿಗೆ ಕಂಡಿತು. ಅಲ್ಲೂ ಹಾಗೊಂದು ಮಾಡಿ ಗೋಡೆಗೆ ಒರಗಿಸಿದ್ದರು. ಕರುವಿನ ಬಣ್ಣ, ಕರುವಿನ ಕಿವಿ, ಕಣ್ಣಿದ್ದಲ್ಲಿ ಹೊಲಿಗೆ. ಹಸು ಅದನ್ನೇ ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಒಂದು ಕಡೆ ಕೂದಲು ಹೋಗಿತ್ತು. ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ.

ಇಲ್ಲಿ ಅದೇನೂ ಇರಲಿಲ್ಲ. ಝೋಲ್ ಬೋಗುಣಿ ಇಲ್ಲದೆ ಬರಿಗೈಯಲ್ಲಿ ಮೂಲೆಗೆ ಹೋದ. ಒಂಟೆ ಕತ್ತು ಬಗ್ಗಿಸಿ ಅವನ ಕೋಟಿನ ತೋಳು ಮೂಸಿತು, ಜೇಬು ಮೂಸಿತು, ಕುತ್ತಿಗೆಯ ಹತ್ತಿರ ಮೂಗಿಟ್ಟು ನಿಂತಿತು. ಸೀಳು ತುಟಿ, ಎರಡು ಸಾಲು ರೆಪ್ಪೆ, ರೆಪ್ಪೆಯ ತುದಿಗೆ ಕೆಂಪು ಮರಳಿನ ಪುಡಿ. ಅವನು ಗುನುಗಲೂ ಇಲ್ಲ. ಸುಮಾರು ಹೊತ್ತು ಹಾಗೇ ನಿಂತಿದ್ದು ಬಂದ.

ಕತ್ತಲಾದ ಮೇಲೆ ಚಳಿ ಕಚ್ಚತೊಡಗಿತು. ಬೆಂಕಿಯ ಸುತ್ತ ಕೂತು ಅವನು ತನ್ನ ಕತೆ ಹೇಳಿದ. ಅಲ್ ಉಬೈಯಿದ್ ಪಟ್ಟಣದ ಉತ್ತರಕ್ಕೆ ಅವನ ಹಳ್ಳಿ. ಅಪ್ಪನಿಗೆ ಒಂಟೆಗಳಿದ್ದವು. ಅಣ್ಣತಮ್ಮಂದಿರಲ್ಲಿ ಪಾಲಾಗಿ ಇವನಿಗೆ ಬಂದದ್ದು ಸಾಲದೆ, ದುಡ್ಡು ಮಾಡಿ ವಾಪಸ್ ಹೋಗಿ ಹತ್ತು ಒಂಟೆ ಕೊಳ್ಳಬೇಕು ಅಂತ ಬಂದವನು. 2023ರ ಏಪ್ರಿಲ್‌ನಲ್ಲಿ ಖಾರ್ತೂಮಿನಲ್ಲಿ ಯುದ್ಧ ಶುರುವಾಯಿತು. ಆಮೇಲೆ ಅದು ಅವನ ಸೀಮೆಗೂ ಬಂತು. 2024ನ್ನು ಸೌದಿ ಸರಕಾರ ಒಂಟೆಯ ವರ್ಷ ಅಂತ ಸಾರಿತ್ತು, ವಿಶ್ವಸಂಸ್ಥೆಯೂ ಅದನ್ನು ಒಂಟೆ ಮತ್ತು ಅದರ ಬಳಗದ ಪ್ರಾಣಿಗಳ ವರ್ಷ ಅಂದಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಸೂಡಾನಿನ ಹೆಚ್ಚಿನ ಕಡೆ ಫೋನೂ ಇಂಟರ್ನೆಟ್ಟೂ ಬಿದ್ದುಹೋದವು. ಮನೆಯವರ ದನಿ ಕೇಳದೆ ಮೂರು ತಿಂಗಳು. ಕೊನೆಗೆ ಅವನ ಒಂಟೆಗಳು ಎಲ್ಲಿ ಹೋದವು ಅಂತ ಭಾಯ್ ಕೇಳಿದರು. ಝೋಲ್ ಅಂಗೈ ಎತ್ತಿ ಬೆರಳುಗಳನ್ನು ಬಿಡಿಸಿ ಊದಿದ. ಅಷ್ಟೇ. ಮತ್ತೆ ಎಲ್ಲರ ಲೋಟಕ್ಕೂ ಚಹಾ ಬಗ್ಗಿಸಿದ.

ಆ ರಾತ್ರಿಯೇ ಆಯಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಫೋನ್ ಮಾಡಿದೆ. ಅವಳ ಪ್ರಶ್ನೆಗಳು ಶುರುವಾದವು. ಒದೆಯುತ್ತದಾ? ಹೆಪ್ಪು ಹಾಕಿದರೆ ಮೊಸರಾಗುತ್ತದಾ? ಒಂದು ಹೊತ್ತಿಗೆ ಎಷ್ಟು ಕೊಡುತ್ತದೆ? ಕರು ಬಿಟ್ಟೇ ಕರೆಯುವುದಾ? ಎಲ್ಲಕ್ಕೂ ಉತ್ತರ ಇತ್ತು ನನ್ನ ಹತ್ತಿರ. ಗಬ್ಬದ ತಿಂಗಳು, ಮೇವು, ಬೆಲೆ ಎಲ್ಲ ಒಪ್ಪಿಸಿದೆ. ಖಲೂಜ್ ಕತೆ ಕೇಳಿ "ಪಾಪ" ಅಂದಳು. ಆಮೇಲೆ, "ಆ ಒಂಟೆ ಕಾಯುವವನಿಗೆ ಮಕ್ಕಳೆಷ್ಟಂತೆ?" ಅಂದಳು.

ಕೇಳಿರಲಿಲ್ಲ. ನಾಲ್ಕು ಗಂಟೆ ಅವನ ಕಂಬಳಿಯ ಮೇಲೆ ಕೂತಿದ್ದೆ.

ಮೂರು ವಾರ ಬಿಟ್ಟು, ಹತ್ತು ಕಿಲೋ ಸಕ್ಕರೆ, ಎರಡು ಕಿಲೋ ಚಹಾಪುಡಿ ಕಾರಿಗೆ ಹಾಕಿಕೊಂಡು ಭಾಯ್ ಮತ್ತು ನಾನು ಹೊರಟೆವು. ಟೈರಿನ ಗಾಳಿ ತೆಗೆಯುವುದೂ ಈಗ ನನಗೆ ಗೊತ್ತು. ದಿಬ್ಬ ಹತ್ತಿ ಇಳಿದರೆ ಅಲ್ಲಿ ಏನೂ ಇಲ್ಲ. ಬೇಲಿ ಕಂಬದ ತೂತುಗಳು, ಹಿಕ್ಕೆಯ ರಾಶಿ, ಡೇರೆ ಇದ್ದಲ್ಲಿ ಚೌಕಾಕಾರದ ಗಟ್ಟಿ ಮರಳು, ಮಗುಚಿ ಬಿದ್ದ ನೀಲಿ ಡ್ರಮ್ಮು. ಸೂಪರ್‌ವೈಸರಿಗೆ ಫೋನ್ ಮಾಡಿದರೆ, ಉತ್ತರದಲ್ಲಿ ಮಳೆ ಬಿದ್ದಿದೆ, ಹುಲ್ಲು ಬಂದಿದೆ, ಹೋದ ವಾರವೇ ಹೊಡೆದುಕೊಂಡು ಹೋದರು, ಅಲ್ಲಿ ನೆಟ್‌ವರ್ಕ್ ಇಲ್ಲ ಅಂದ. ಎಷ್ಟು ದೂರ? ಐನೂರು ಕಿಲೋಮೀಟರ್ ಇರಬಹುದು.

"ಹೋಗುವನಾ?" ಅಂದರು ಭಾಯ್. ಮರುದಿನ ಬೆಳಗ್ಗೆ ಆರಕ್ಕೆ ಡ್ಯೂಟಿ ಇತ್ತು. ವಾಪಸ್ ಬಂದೆವು. ಸಕ್ಕರೆ ಕ್ಯಾಂಪಿನ ಮೆಸ್ಸಿಗೆ ಹೋಯಿತು.